ದಿನಾ ಪದಬಂಧ ತುಂಬ್ತೀನಿ, ಆದ್ರೂ ಮರೆವು ಯಾಕೆ?

ಮೈಸೂರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದೀನಿ. ಸ್ಟ್ರೋಕ್ ಆಗಿ ಮಾತು ಹೋದೋರಿಗೆ ಮತ್ತೆ ಮಾತು ಕಲಿಸೋದು ನನ್ನ ಮುಖ್ಯ ಕೆಲಸ, ಜೊತೆಗೆ ಮರೆವು ಜಾಸ್ತಿ ಆಗ್ತಿದೆ ಅಂತ ಬರೋ ಹಿರಿಯರೂ ಇರ್ತಾರೆ. ಅಂಥೋರಲ್ಲಿ ಒಬ್ರು ರಿಟೈರ್ ಆದ ಬ್ಯಾಂಕ್ ಆಫೀಸರ್. "ನೋಡಮ್ಮಾ, ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಪೇಪರ್ ಪದಬಂಧ ತಪ್ಪಿಸಿಲ್ಲ, ಆದ್ರೂ ಎದುರಿಗೆ ಬಂದೋರ ಹೆಸರು ಬಾಯಿಗೇ ಬರಲ್ಲ" ಅಂದ್ರು. ಎಷ್ಟೊತ್ತು ಬೇಕು ಸರ್ ಅಂತ ಕೇಳಿದೆ. ಹತ್ತೇ ನಿಮಿಷವಂತೆ.

ವಿಷಯ ಇರೋದು ಅಲ್ಲೇ. ಸಂಜೆ ಹೊತ್ತು ಗಾಡಿ ಎತ್ತು ಯಾರೂ ಹೇಳದೇನೇ ಮನೆ ದಾರಿ ಹಿಡಿಯುತ್ತಲ್ಲ, ಇಪ್ಪತ್ತು ವರ್ಷ ಮಾಡಿದ ಪದಬಂಧಾನೂ ಹಾಗೇ, ಖುಷಿ ಕೊಡುತ್ತೆ, ಬಿಡಬೇಡಿ, ಆದ್ರೆ ಮೆದುಳಿಗೆ ಅದರಲ್ಲಿ ಹೊಸದಾಗಿ ಒದ್ದಾಡೋಕೆ ಏನೂ ಉಳಿದಿರಲ್ಲ.

ಟೆಕ್ಸಾಸ್ ಯೂನಿವರ್ಸಿಟಿಯ ಡಲ್ಲಾಸ್ ಕ್ಯಾಂಪಸ್ಸಲ್ಲಿ ಡೆನಿಸ್ ಪಾರ್ಕ್ ಅನ್ನೋರ ತಂಡ 60 ದಾಟಿದೋರನ್ನ ಬೇರೆ ಬೇರೆ ಗುಂಪು ಮಾಡಿ ನೋಡಿತ್ತು. ಕೆಲವರಿಗೆ ಡಿಜಿಟಲ್ ಫೋಟೋಗ್ರಫಿ, ಕೆಲವರಿಗೆ ನಮ್ಮ ಕೌದಿ ಥರ ತುಂಡುಬಟ್ಟೆ ಜೋಡಿಸಿ ಹೊಲಿಯೋದು, ವಾರಕ್ಕೆ ಸುಮಾರು 15 ಗಂಟೆ, ಮೂರು ತಿಂಗಳು ಕಲಿಸಿದ್ರು. ಇನ್ನೊಂದು ಗುಂಪು ಒಟ್ಟಿಗೆ ಸೇರಿ ಹರಟೆ, ಓಡಾಟ ಮಾಡ್ಕೊಂಡಿತ್ತು, ಅಂದ್ರೆ ಹೊಸ ವಿದ್ಯೆ ಏನೂ ಇಲ್ಲ. ಕೊನೆಗೆ ನೋಡಿದ್ರೆ ನೆನಪಿನ ಟೆಸ್ಟಲ್ಲಿ ಮುಂದೆ ಬಂದೋರು ಹೊಸದು ಕಲಿತೋರು. ಗಮನಿಸಿ, ವಾರಕ್ಕೆ 15 ಗಂಟೆ! ಫೋನಲ್ಲಿ ಐದು ನಿಮಿಷದ ಆಟ ಆಡಿ ಮೆದುಳು ಚುರುಕಾಗುತ್ತೆ ಅಂತ ನಾನಂತೂ ಯಾರಿಗೂ ಹೇಳಲ್ಲ.

"ನಾನು ಓದಿದೋಳಲ್ಲ, ನಂಗೆಲ್ಲಿಂದ ಕಲಿಕೆ" ಅಂತ ಹೇಳೋ ಅಜ್ಜಿಯರಿಗೆ ನಾನು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಅಧ್ಯಯನದ ಬಗ್ಗೆ ಹೇಳ್ತೀನಿ. ಈಗ ಬೆಂಗಳೂರಿನ ನಿಮ್ಹಾನ್ಸಲ್ಲಿರೋ ಸುವರ್ಣಾ ಅಲ್ಲಾಡಿ ಮತ್ತವರ ಜೊತೆಯವರು ಡಿಮೆನ್ಷಿಯಾ, ಅಂದ್ರೆ ನೆನಪು, ಯೋಚನೆ ಎಲ್ಲಾ ಕುಂದ್ತಾ ಹೋಗೋ ಕಾಯಿಲೆ, ಇರೋ 648 ಜನರ ದಾಖಲೆ ನೋಡಿ 2013ರಲ್ಲಿ ಬರೆದ್ರು: ಒಂದಕ್ಕಿಂತ ಹೆಚ್ಚು ಭಾಷೆ ಆಡೋರಲ್ಲಿ ಕಾಯಿಲೆ ಕಾಣಿಸ್ಕೊಂಡಿದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಸ್ಕೂಲ್ ಮೆಟ್ಟಿಲೇ ಹತ್ತದೋರಲ್ಲೂ ಈ ವ್ಯತ್ಯಾಸ ಇತ್ತು, ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಇದೇ. ಭಾಷೆ ಕಲಿತ್ರೆ ಕಾಯಿಲೆನೇ ಬರಲ್ಲ ಅಂತ ಇದರ ಅರ್ಥ ಅಲ್ಲ. ಆದ್ರೆ ಮಾರ್ಕೆಟ್ಟಲ್ಲಿ ಒಬ್ರ ಹತ್ರ ಕನ್ನಡ, ಇನ್ನೊಬ್ರ ಹತ್ರ ಉರ್ದು, ಮತ್ತೊಬ್ರ ಹತ್ರ ತಮಿಳು ಅಂತ ವ್ಯಾಪಾರ ಮಾಡೋ ಹೂವಿನಮ್ಮ ದಿನವಿಡೀ ತಲೆಗೆ ಎಷ್ಟು ಕೆಲಸ ಕೊಡ್ತಿದಾಳೆ ಅಂತ ಯೋಚನೆ ಮಾಡಿ.

ಕಿವಿ ಕೂಡ ಟೆಸ್ಟ್ ಮಾಡಿಸಿ. ಸರಿಯಾಗಿ ಕೇಳದೇ ಇದ್ದಿದ್ದು ಮನಸ್ಸಲ್ಲಿ ಉಳಿಯೋದಾದ್ರೂ ಹೇಗೆ, ಮನೆಯೋರು ಅದನ್ನೇ ಮರೆವು ಅಂದ್ಕೊಂಡಿರ್ತಾರೆ. ಇನ್ನು ದಿನಾ ಹೋಗೋ ದಾರಿ ತಪ್ಪೋದು, ದುಡ್ಡಿನ ಲೆಕ್ಕ ಎಡವೋದು ಶುರುವಾಗಿದ್ರೆ ಹೊಸ ಹವ್ಯಾಸದ ಮಾತು ಆಮೇಲೆ, ಮೊದಲು ನ್ಯೂರಾಲಜಿಸ್ಟ್ ಹತ್ರ ಹೋಗಿ.

ಹೇಗೆ ಕಲೀಬೇಕು ಅಂದ್ರೆ, ಪುಸ್ತಕ ಮುಚ್ಚಿಟ್ಟು. ತಿರುಗಾ ಮುರುಗಾ ಓದ್ತಿದ್ರೆ ಎಲ್ಲಾ ಗೊತ್ತಿದೆ ಅನ್ಸುತ್ತೆ, ಆದ್ರೆ ವಾರ ಕಳೆದ್ರೆ ಕೈಲಿ ಉಳಿಯೋದು ಮುಚ್ಚಿಟ್ಟು ನೆನಪು ಮಾಡ್ಕೊಂಡಿದ್ದೇ ಜಾಸ್ತಿ. ನೆನಪಾಗದೆ ತಡಕಾಡೋ ಆ ಅರ್ಧ ನಿಮಿಷ ಇದೆಯಲ್ಲ, ಅದು ವೇಸ್ಟ್ ಅಲ್ಲ, ಪಾಠ ಗಟ್ಟಿಯಾಗೋದೇ ಆಗ. ಇವತ್ತು ಕಲಿತಿದ್ದನ್ನ ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಮತ್ತೊಮ್ಮೆ ಹೀಗೇ ಕೆದಕಿ.

ಆ ಬ್ಯಾಂಕ್ ಆಫೀಸರ್ ಸೊಸೆ ಉಡುಪಿ ಕಡೆಯೋರು, ಮೊಮ್ಮಗಳು ಅಮ್ಮನ ಜೊತೆ ತುಳು ಮಾತಾಡ್ತಾಳಂತೆ, ಇವರಿಗೆ ತಲೆಬುಡ ಅರ್ಥ ಆಗ್ತಿರಲಿಲ್ಲ. ಅದನ್ನೇ ಕಲೀರಿ ಸರ್, ಅವಳೇ ಟೀಚರ್ ಆಗ್ಲಿ ಅಂದೆ. ಈಗ ದಿನಾ ಸಂಜೆ ಒಂದು ಗಂಟೆ ಪಾಠ. ಹೆಸರುಗಳು ಈಗಲೂ ಆಗಾಗ ಕೈ ಕೊಡ್ತಾವೆ, ಅದನ್ನ ಮುಚ್ಚಿಡಲ್ಲ. ಆದ್ರೆ ಹೋದ ತಿಂಗಳು ಒಳಗೆ ಬರ್ತಿದ್ದ ಹಾಗೇ "ಒಣಸ್ ಆಂಡಾ?" ಅಂತ ಊಟದ ವಿಚಾರ ಕೇಳಿ, ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ರು. ಎಡಗಡೆ ಬೆಳಿಗ್ಗೆ ಏನೂ ನೋಡದೆ ಇವರು ನೆನಪಿಂದ ಬರೆದ ತುಳು ಮಾತುಗಳು, ಬಲಗಡೆ ಮೊಮ್ಮಗಳು ಕೆಂಪು ಪೆನ್ನಲ್ಲಿ ತಿದ್ದಿದ್ದು. ಮೊದಮೊದಲ ಪುಟಗಳಲ್ಲಿ ಬಲಗಡೆ ಪೂರ್ತಿ ಕೆಂಪು, ಈಚೆಗಿನ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು.