ಓಕೆ ಅಂದರೆ ಯಾವ ಓಕೆ?

ಮನೆಗೆ ಬಣ್ಣ ಹೊಡೆಯುವವರಿಗೆ ‘ನಾಳೆ ಬೆಳಿಗ್ಗೆ 9ಕ್ಕೆ ಬನ್ನಿ’ ಎಂದು ಮೆಸೇಜ್ ಹಾಕುತ್ತೀರಿ. ‘ಓಕೆ ಸರ್’ ಎಂದು ಉತ್ತರ ಬರುತ್ತದೆ. ಬೆಳಿಗ್ಗೆ ಯಾರ ಸುಳಿವೂ ಇಲ್ಲ. ಅವರು ಸುಳ್ಳು ಹೇಳಿದರು ಅನ್ನುವಂತಿಲ್ಲ. ನೀವು ‘ಬರ್ತೀನಿ’ ಎಂದು ಓದಿಕೊಂಡದ್ದನ್ನು ಅವರು ‘ಮೆಸೇಜ್ ನೋಡಿದೆ’ ಎಂದಷ್ಟೇ ಕಳಿಸಿರಬಹುದು. ಎರಡಕ್ಕೂ ಓಕೆ ಒಂದೇ.

ಈ ಪದ ಹುಟ್ಟಿದ್ದು ಅಮೆರಿಕದಲ್ಲಿ, ಅದೂ ಒಂದು ಕಾಗುಣಿತದ ಕುಚೋದ್ಯದಿಂದ. 1830ರ ದಶಕದ ಕೊನೆಗೆ ಬಾಸ್ಟನ್ನಿನ ಪತ್ರಿಕೆಗಳಿಗೆ ಮಾತುಗಳನ್ನು ಮೊದಲಕ್ಷರಗಳಿಗೆ ಇಳಿಸುವ ಗೀಳು ಹತ್ತಿತ್ತು. ಬೇಕೆಂದೇ ಕಾಗುಣಿತ ಕೆಡಿಸಿ ಬರೆಯುವುದು ಅದರ ಮಜಾ. ‘ಆಲ್ ರೈಟ್’ ಎಂಬುದು ‘ಓ.ಡಬ್ಲ್ಯು.’ ಆಯಿತು, ‘ನೋ ಯೂಸ್’ ಎಂಬುದು ‘ಕೆ.ವೈ.’ ಆಯಿತು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ‘ಆಲ್ ಕರೆಕ್ಟ್’ ಎಂಬುದು, ‘oll korrect’ ಎಂಬ ಕೆಡಿಸಿದ ಕಾಗುಣಿತದ ಲೆಕ್ಕದಲ್ಲಿ, ‘ಓ.ಕೆ.’ ಆಗಿ ಅಚ್ಚಾಯಿತು. ಇರುವುದು ಎರಡೇ ಅಕ್ಷರ, ಎರಡೂ ತಪ್ಪು. ಅರ್ಥ ಮಾತ್ರ ‘ಎಲ್ಲ ಸರಿ’!

ಅದರ ಜೊತೆಗಾರ ಪದಗಳೆಲ್ಲ ಹೆಚ್ಚುಕಡಿಮೆ ಅಲ್ಲೇ ಸತ್ತವು. ಓಕೆ ಬದುಕಿದ್ದಕ್ಕೆ ಒಂದು ಚುನಾವಣೆ ಕಾರಣ. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಮರು ಆಯ್ಕೆಗೆ ನಿಂತಿದ್ದರು. ಊರು ಕಿಂಡರ್‌ಹುಕ್, ಹಾಗಾಗಿ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರು. ಬೆಂಬಲಿಗರು ‘ಓ.ಕೆ. ಕ್ಲಬ್’ ಕಟ್ಟಿಕೊಂಡು ಎರಡೂ ಅರ್ಥ ಹೊಂದಿಸಿದರು. ವ್ಯಾನ್ ಬ್ಯೂರೆನ್ ಸೋತರು, ಪದ ಗೆದ್ದಿತು.

ಮೂಲ ಮರೆತುಹೋದ ಮೇಲೆ ಕಥೆಗಳು ಹುಟ್ಟಿದವು. ಚಾಕ್ಟಾ ಬುಡಕಟ್ಟಿನ ಭಾಷೆಯಿಂದ ಬಂತು ಎಂದು ಕೆಲವರು, ‘ಎಲ್ಲ ಚೆನ್ನಾಗಿದೆ’ ಎನ್ನುವ ಗ್ರೀಕಿನ ‘ಓಲಾ ಕಾಲಾ’ದಿಂದ ಎಂದು ಇನ್ನು ಕೆಲವರು. ಅಧ್ಯಕ್ಷ ವುಡ್ರೋ ವಿಲ್ಸನ್ ಚಾಕ್ಟಾ ಕಥೆ ನಂಬಿ ಕಡತಗಳ ಮೇಲೆ ‘ಓಕೆ’ಯ ಕೊನೆಗೆ ‘ಹೆಚ್’ ಸೇರಿಸಿ ಬರೆಯುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಭಾಷಾತಜ್ಞ ಆಲನ್ ವಾಕರ್ ರೀಡ್ 1941ರಲ್ಲಿ ಕಿಂಡರ್‌ಹುಕ್‌ವರೆಗೆ ಮಾತ್ರ ಜಾಡು ಹಿಡಿದಿದ್ದರು. ಆಮೇಲೆ ಹಳೆಯ ಪತ್ರಿಕೆಗಳನ್ನು ಇನ್ನಷ್ಟು ಜಾಲಾಡಿ, 1963–64ರಲ್ಲಿ ಬಾಸ್ಟನ್ನಿನ ಮೂಲವನ್ನು ಸಾಕ್ಷಿಸಮೇತ ಮುಂದಿಟ್ಟರು.

ಕನ್ನಡದಲ್ಲಿ ಓಕೆ ಒಂದೇ ಪದದ ಜಾಗಕ್ಕೆ ಬಂದು ಕೂರಲಿಲ್ಲ. ಒಪ್ಪಿದರೆ ‘ಸರಿ’, ಅನುಮತಿ ಕೊಟ್ಟರೆ ‘ಆಗಲಿ’, ಕೇಳಿಸಿಕೊಳ್ಳುತ್ತಿದ್ದೇನೆ ಅನ್ನಲು ‘ಹ್ಞೂಂ’, ಅಷ್ಟಕ್ಕಷ್ಟೇ ಇದ್ದರೆ ‘ಪರವಾಗಿಲ್ಲ’. ಇವೆಲ್ಲವನ್ನೂ ಓಕೆ ನುಂಗಿತು. ವ್ಯಾಕರಣಕ್ಕೂ ಒಗ್ಗಿಕೊಂಡಿತು. ‘ಮ್ಯಾನೇಜರು ಓಕೆ ಮಾಡಿದ್ರು’ ಎಂದರೆ ಮಂಜೂರಾಯಿತು. ‘ಹುಡುಗಿ ಮನೆಯವರು ಓಕೆ ಅಂದ್ರು’ ಎಂದರೆ ಸಂಬಂಧ ಒಪ್ಪಿಗೆ. ‘ಶಾಟ್ ಓಕೆ’ ಎಂದರೆ ಮತ್ತೆ ತೆಗೆಯುವುದು ಬೇಡ. ಆದರೆ ಎರಡು ಸಲ ಹೇಳಿದರೆ ಪದ ಮೇಲೇರುವ ಬದಲು ಕೆಳಗಿಳಿಯುತ್ತದೆ. ‘ಸಿನಿಮಾ ಓಕೆ ಓಕೆ’ ಎಂದವರನ್ನು ನಂಬಿ ಟಿಕೆಟ್ ತೆಗೆಸುವವರು ಕಡಿಮೆ.

ಅರ್ಥಗಳು ಹೀಗೆ ಒಂದರ ಮೇಲೊಂದು ಕೂತಿರುವುದರ ಅಪಾಯ ಗೊತ್ತಾಗಬೇಕಾದರೆ 1977ರ ಮಾರ್ಚ್ 27ರ ದಿನ ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣಕ್ಕೆ ಹೋಗಬೇಕು. ದಟ್ಟ ಮಂಜು. ಕೆಎಲ್ಎಂ ವಿಮಾನಕ್ಕೆ ಹಾರಿದ ಮೇಲೆ ಹಿಡಿಯಬೇಕಾದ ದಾರಿಯ ಅನುಮತಿ ಸಿಕ್ಕಿತ್ತು, ಹಾರುವ ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಸಹ ಪೈಲಟ್ ಆ ದಾರಿಯನ್ನು ಮರುನುಡಿದು, ಕೊನೆಗೆ ‘ಈಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಸೇರಿಸಿದರು. ಕಂಟ್ರೋಲರ್ ‘ಓಕೆ’ ಎಂದು, ಕ್ಷಣ ತಡೆದು, ‘ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’ ಎಂದರು. ಅದೇ ಹೊತ್ತಿಗೆ ಪ್ಯಾನ್ ಆ್ಯಮ್ ವಿಮಾನ ‘ನಾವಿನ್ನೂ ರನ್‌ವೇ ಮೇಲೇ ಇದ್ದೇವೆ’ ಎಂದು ಅದೇ ತರಂಗಾಂತರದಲ್ಲಿ ಮಾತಾಡಿತು. ಎರಡೂ ಮಾತು ಒಂದರ ಮೇಲೊಂದು ಬಿದ್ದು ಕೆಎಲ್ಎಂ ಕಾಕ್‌ಪಿಟ್‌ಗೆ ಕೀರಲು ಸದ್ದು ಬಂತು. ಸ್ಪಷ್ಟವಾಗಿ ಕೇಳಿದ್ದು ‘ಓಕೆ’ ಒಂದೇ. ವಿಮಾನ ಆಗಲೇ ಓಡತೊಡಗಿತ್ತು. ರನ್‌ವೇ ಮೇಲೆ ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು.

ದುರಂತಕ್ಕೆ ಕಾರಣಗಳು ಹಲವು, ಓಕೆಯೊಂದನ್ನೇ ಕಟಕಟೆಯಲ್ಲಿ ನಿಲ್ಲಿಸಲಾಗದು. ಆದರೂ ವಿಮಾನಯಾನದ ಮಾತು ಅಲ್ಲಿಂದ ಬಿಗಿಯಾಯಿತು. ಹಾರುವ ಅನುಮತಿ ಕೊಡುವಾಗ ಇಲ್ಲವೇ ಹಿಂತೆಗೆದುಕೊಳ್ಳುವಾಗ ಬಿಟ್ಟರೆ ‘ಟೇಕಾಫ್’ ಪದ ಬಳಸುವಂತಿಲ್ಲ, ಉಳಿದೆಡೆ ‘ಡಿಪಾರ್ಚರ್’. ಅನುಮತಿಯ ಮಾತನ್ನು ಪೈಲಟ್ ತಿರುಗಿ ಹೇಳಬೇಕು. ಓಕೆಯ ಕೆಲಸಕ್ಕೆ ರೇಡಿಯೊ ಭಾಷೆಯಲ್ಲಿ ಮೂರು ಪದಗಳಿವೆ: ಪೂರ್ತಿ ಕೇಳಿಸಿತು ಅನ್ನಲು ‘ರಾಜರ್’, ಹೇಳಿದಂತೆ ಮಾಡುತ್ತೇನೆ ಅನ್ನಲು ‘ವಿಲ್ಕೋ’, ಹೌದು ಅನ್ನಲು ‘ಅಫರ್ಮ್’.

ಕಂಪ್ಯೂಟರಿನ ಗುಂಡಿಯ ಮೇಲೆ ಓಕೆ ಕೂತದ್ದು ಬೇರೆಯೇ ತಮಾಷೆ. 1983ರಲ್ಲಿ ಬಂದ ಆ್ಯಪಲ್ ಲಿಸಾವನ್ನು ರೂಪಿಸುವಾಗ ಗುಂಡಿಯ ಮೇಲೆ ‘ಡೂ ಇಟ್’ ಎಂದಿತ್ತು. ಪರೀಕ್ಷೆಗೆ ಕೂತವರೊಬ್ಬರು ಇಂಗ್ಲಿಷಿನ ‘ಐ’ ಅಕ್ಷರವನ್ನು ‘ಎಲ್’ ಎಂದುಕೊಂಡು ಅದನ್ನು ‘ಡೋಲ್ಟ್’, ಅಂದರೆ ಪೆದ್ದ, ಎಂದು ಓದಿ ಸಿಟ್ಟಾದರು. ಓಕೆ ಬಂತು. ಕನ್ನಡದ ಪರದೆಗಳಲ್ಲಿ ಅದು ‘ಸರಿ’, ಪಕ್ಕದಲ್ಲಿ ‘ರದ್ದುಮಾಡು’. ‘ನಿಮ್ಮ ಟಿಕೆಟ್ ರದ್ದು ಮಾಡಬೇಕೇ?’ ಎಂಬ ಪ್ರಶ್ನೆಯ ಕೆಳಗೆ ಈ ಜೋಡಿ ಕಂಡರೆ ಬೆರಳು ತಡವರಿಸುತ್ತದೆ, ಏಕೆಂದರೆ ‘ರದ್ದುಮಾಡು’ ಒತ್ತಿದರೆ ಟಿಕೆಟ್ ಉಳಿಯುತ್ತದೆ. ಗುಂಡಿಯ ಮೇಲೆ ‘ಟಿಕೆಟ್ ರದ್ದುಮಾಡು’, ‘ಟಿಕೆಟ್ ಇರಲಿ’ ಎಂದು ಕೆಲಸವನ್ನೇ ಬರೆದರೆ ಗೊಂದಲವಿಲ್ಲ.

ಮೆಸೇಜಿಗೂ ಇದೇ ಉಪಾಯ. ನೋಡಿದ್ದಷ್ಟೇ ಆದರೆ ‘ನೋಡಿದೆ’, ಮಾಡುವುದಾದರೆ ಹೊತ್ತು ಸೇರಿಸಿ, ‘11ಕ್ಕೆ ಕಳಿಸ್ತೀನಿ’, ಮುಗಿದಿದ್ದರೆ ‘ಕಳಿಸಿದೆ’. ಓಕೆ ಬಿಟ್ಟು ಅಚ್ಚಗನ್ನಡದ ‘ಆಯ್ತು’ ಹಾಕಿದರೆ ಮಾತ್ರ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ರೂಪದಲ್ಲಿ ಅದು ಭೂತಕಾಲ, ಬಳಕೆಯಲ್ಲಿ ಹೆಚ್ಚಾಗಿ ಭವಿಷ್ಯ: ‘ಬಿಲ್ ಕಟ್ಟಿಬಿಡಿ’ ಎಂದದ್ದಕ್ಕೆ ‘ಆಯ್ತು’ ಎಂದು ಬಂದರೆ, ಬಿಲ್ ಕಟ್ಟಿಯಾಯಿತೋ, ಕಟ್ಟುತ್ತಾರೋ ಎಂದು ಮತ್ತೆ ಫೋನ್ ಮಾಡಿಯೇ ಕೇಳಬೇಕು.