ಸೊಪ್ಪು ಅಗ್ಗ, ಪುರುಸೊತ್ತು ದುಬಾರಿ

ಪ್ರಶ್ನೆ: “ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಖರ್ಚೂ ಕಡಿಮೆ, ಆರೋಗ್ಯಕ್ಕೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಾವಿರುವುದು ಕಾರವಾರದಲ್ಲಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮೀನು, ಸೊಪ್ಪು, ಕುಚ್ಚಲಕ್ಕಿ ಎಲ್ಲ ಇಲ್ಲೇ ಸಿಗುತ್ತದೆ. ಆದರೂ ವಾರಕ್ಕೆ ನಾಲ್ಕು ದಿನ ಪಾವ್, ನೂಡಲ್ಸ್, ಇಲ್ಲಾಂದ್ರೆ ಹೋಟೆಲ್ ಪಾರ್ಸೆಲ್. ತಪ್ಪು ನಮ್ಮದಾ?”

ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಬಹಳ ಜನ ಕೇಳುತ್ತಾರೆ. ಶಿರಸಿಯವರು ಪಾವ್ ಬದಲು ಬ್ರೆಡ್ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ತಪ್ಪು ನಿಮ್ಮದಲ್ಲ, ಲೆಕ್ಕದ್ದು. ಮನೆ ಅಡುಗೆ ಅಗ್ಗ ಎನ್ನುವವರು ಅಕ್ಕಿ, ಬೇಳೆ, ಮೀನು, ಎಣ್ಣೆ ಎಲ್ಲದರ ದರ ಬರೆದು ಕೂಡುತ್ತಾರೆ. ಮಾಡುವವರ ಹೊತ್ತನ್ನು ಮಾತ್ರ ಸೊನ್ನೆ ಎಂದು ಹಿಡಿಯುತ್ತಾರೆ. ನಮ್ಮ ಕರಾವಳಿಯಲ್ಲಿ ಅಗ್ಗಕ್ಕೆ ಸಿಗುವ ಒಳ್ಳೆಯ ಆಹಾರ ಯಾವುದನ್ನೇ ನೋಡಿ, ದುಡ್ಡು ಎಷ್ಟು ಉಳಿಸುತ್ತದೋ ಅಷ್ಟು ಹೊತ್ತು ತಿನ್ನುತ್ತದೆ.

ಬೆಳಚನ್ನೇ ತೆಗೆದುಕೊಳ್ಳಿ. ಚಿಪ್ಪುಮೀನಿನ ಒಂದು ಜಾತಿ, ಕೊಂಕಣಿಯಲ್ಲಿ ತಿಸ್ರ್ಯೊ. ಕಾಳಿ, ಅಘನಾಶಿನಿ ನದಿಗಳು ಸಮುದ್ರ ಸೇರುವಲ್ಲಿ ಮರಳು ಕೆಸರಿನಲ್ಲಿ ಸಿಗುತ್ತದೆ. ಕಬ್ಬಿಣಾಂಶ, ಪ್ರೋಟೀನ್ ಎರಡೂ ಚೆನ್ನಾಗಿವೆ. ಇಸ್ವಣದ (ಅಂಜಲ್ ಮೀನಿನ) ಬೆಲೆಯ ಮುಂದೆ ಬೆಳಚಿನ ಬೆಲೆ ಏನೇನೂ ಅಲ್ಲ. ಒಂದು ಭಾನುವಾರ ನಾಲ್ಕು ಜನಕ್ಕೆ ಆಗುವಷ್ಟು ತಂದು, ಗಡಿಯಾರ ಎದುರಿಗಿಟ್ಟುಕೊಂಡು ಕುಳಿತೆ. ಮರಳು ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆಯಬೇಕು. ಮೆಟ್ಟುಗತ್ತಿಯ ಮೇಲೆ ಒಂದೊಂದಾಗಿ ಬಾಯಿ ಬಿಡಿಸಬೇಕು. ಮಾಂಸ ಅಂಟಿದ ಚಿಪ್ಪು ಪಾತ್ರೆಗೆ, ಖಾಲಿ ಚಿಪ್ಪು ಆಚೆಗೆ. ಐವತ್ತು ನಿಮಿಷ ಹಿಡಿಯಿತು, ಬೆರಳಿಗೆ ಎರಡು ಗಾಯ, ಒಲೆ ಇನ್ನೂ ಹಚ್ಚಿರಲಿಲ್ಲ. ಕಾಯಿ ಹೆರೆದು, ಮಸಾಲೆ ಕಡೆದು, ಪಾತ್ರೆ ಇಳಿಸುವ ಹೊತ್ತಿಗೆ ಒಂದೂಮುಕ್ಕಾಲು ಗಂಟೆ ಕಳೆದಿತ್ತು. ನಮ್ಮ ಆಯಿ ಇದರ ಅರ್ಧ ಹೊತ್ತಿನಲ್ಲಿ ಮುಗಿಸುತ್ತಾಳೆ. ಅವಳ ಕೈಗೆ ನಲವತ್ತು ವರ್ಷದ ಅಭ್ಯಾಸ ಇದೆ. ಅದನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೀನು ಪೇಟೆಯಲ್ಲೂ ಇದೇ ಕಥೆ. ತಾರ್ಲೆ (ಬೂತಾಯಿ), ಬಂಗಡೆ ಸೀಸನ್‌ನಲ್ಲಿ ಅಗ್ಗ. ಹೃದಯಕ್ಕೆ ಬೇಕಾದ ಒಮೇಗಾ-3 ಕೊಬ್ಬು ಈ ಎಣ್ಣೆಮೀನುಗಳಲ್ಲಿ ಧಾರಾಳ. ಆದರೆ ಮೀನು ಸಣ್ಣದಾದಷ್ಟೂ ಕೈಕೆಲಸ ಜಾಸ್ತಿ. ಇಪ್ಪತ್ತೈದು ತಾರ್ಲೆಯ ಹೊಟ್ಟೆ ತೆಗೆದು ಪೊರೆ ಕೆರೆಯುವುದು ಒಂದು ಕೆಲಸ, ಇಸ್ವಣದ ನಾಲ್ಕು ತುಂಡು ತೊಳೆಯುವುದು ಇನ್ನೊಂದು. ದುಡ್ಡಿದ್ದವರು ಇಸ್ವಣ ಒಯ್ಯುತ್ತಾರೆ, ಹೊತ್ತಿದ್ದವರು ತಾರ್ಲೆ ಒಯ್ಯುತ್ತಾರೆ. ಸಂಜೆ ಏಳಕ್ಕೆ ಬಸ್ಸಿಳಿದು, ಕಿಸೆಯಲ್ಲಿ ನೂರು ರೂಪಾಯಿ ಇಟ್ಟುಕೊಂಡು ಬರುವವರಿಗೆ ಎರಡೂ ಇಲ್ಲ. ಅವರು ಬೇಕರಿಗೆ ಹೋಗುತ್ತಾರೆ. ಅದು ಸೋಮಾರಿತನ ಅಲ್ಲ, ಅವರ ಕೈಯಲ್ಲಿ ಇದ್ದದ್ದಕ್ಕೆ ಸಿಗುವ ಊಟ ಅದು.

ಕುಚ್ಚಲಕ್ಕಿಯದು ಇನ್ನೂ ಸ್ವಾರಸ್ಯ. ಭತ್ತವನ್ನು ಕುದಿಸಿ ಒಣಗಿಸುವಾಗ ಹೊಟ್ಟಿನ ಬಿ ಗುಂಪಿನ ಜೀವಸತ್ವ ಒಂದಷ್ಟು ಕಾಳಿನೊಳಗೇ ಇಳಿಯುತ್ತದೆ. ಪಾಲಿಶ್ ಕಡಿಮೆ ಮಾಡಿದ್ದರೆ ನಾರೂ ಉಳಿಯುತ್ತದೆ. ಅಜ್ಜಿಯ ಕಾಲದಲ್ಲಿ ಅದು ಕಟ್ಟಿಗೆ ಒಲೆಯ ಮೇಲೆ ತನ್ನ ಪಾಡಿಗೆ ಕುದಿಯುತ್ತಿತ್ತು. ಕಟ್ಟಿಗೆ ಬೆಟ್ಟದಿಂದ ಬರುತ್ತಿತ್ತು. ಅದಕ್ಕೆ ದುಡ್ಡು ಕೊಡುತ್ತಿರಲಿಲ್ಲ, ಬೆನ್ನು ಕೊಡುತ್ತಿದ್ದರು. ಈಗ ಅದೇ ಅಕ್ಕಿ ತೆರೆದ ಪಾತ್ರೆಯಲ್ಲಿ ಗ್ಯಾಸಿನ ಮೇಲೆ ಮುಕ್ಕಾಲು ಗಂಟೆ ಕುದಿಯಬೇಕು. ಬೆಳ್ತಿಗೆ ಅಕ್ಕಿಗೆ, ಅಂದರೆ ಭತ್ತ ಕುದಿಸದೆ ಮಾಡಿದ ಬಿಳಿ ಅಕ್ಕಿಗೆ, ಕುಕ್ಕರ್‌ನಲ್ಲಿ ಹದಿನೈದು ನಿಮಿಷ ಸಾಕು. 14.2 ಕೆಜಿಯ ಸಿಲಿಂಡರ್ ತಿಂಗಳು ಪೂರ್ತಿ ಬರಲಿ ಎಂದು ಒದ್ದಾಡುವ ಮನೆಯಲ್ಲಿ ಯಾವ ಅಕ್ಕಿ ಗೆಲ್ಲುತ್ತದೆ ಹೇಳಿ. ಅದರ ಮೇಲೆ ರೇಷನ್ ಅಕ್ಕಿ ಇದೆ. ಆಹಾರ ಭದ್ರತಾ ಕಾಯ್ದೆ, ನಮ್ಮ ರಾಜ್ಯದ ಅನ್ನಭಾಗ್ಯ ಎರಡೂ ಬಂದದ್ದು 2013ರಲ್ಲಿ. ಹಸಿವು ಕಳೆಯಲು ಅವು ಮಾಡಿದ್ದು ಸಣ್ಣ ಕೆಲಸ ಅಲ್ಲ. ಆದರೆ ಅಕ್ಕಿ ಕೈಗೆ ಬಂದಷ್ಟು ಸುಲಭವಾಗಿ ಸೊಪ್ಪು, ತರಕಾರಿ ಬರುವುದಿಲ್ಲ. ಅದಕ್ಕೆ ನಗದು ಬೇಕು. ಹಾಗಾಗಿ ತಟ್ಟೆಯಲ್ಲಿ ಅನ್ನದ ಗುಡ್ಡೆ ದೊಡ್ಡದು, ಪಕ್ಕದ ಪಲ್ಯ ಚಿಟಿಕೆಯಷ್ಟು.

ಒಂದು ತಟ್ಟೆಗೆ ಎಷ್ಟು ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದ ಒಬ್ಬರಿಗೆ ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು ಸುಮಾರು 85 ಗ್ರಾಂ, ಸೊಪ್ಪು ತರಕಾರಿ ಸೇರಿ ಸುಮಾರು 400 ಗ್ರಾಂ. ಕಾಗದದ ಮೇಲೆ ಚೆನ್ನಾಗಿದೆ. ಇದನ್ನು ನಾಲ್ಕು ದೊಡ್ಡವರ ಮನೆಗೆ ಗುಣಿಸಿ. ತರಕಾರಿ ದಿನಕ್ಕೆ 1.6 ಕೆಜಿ. ವಾರಕ್ಕೆ ಹನ್ನೊಂದು ಕೆಜಿಗಿಂತ ಜಾಸ್ತಿ! ಬೇಳೆ ತಿಂಗಳಿಗೆ ಹತ್ತು ಕೆಜಿ. ಮೀನು, ಮೊಟ್ಟೆ ತಿನ್ನುವ ಮನೆಯಲ್ಲಿ ಬೇಳೆ ಕಡಿಮೆ ಸಾಕು ಅನ್ನಿ. ಕಾರವಾರದ ಭಾನುವಾರದ ಸಂತೆಯಿಂದ ಹನ್ನೊಂದು ಕೆಜಿ ತರಕಾರಿ ಹೊತ್ತು ಬಸ್ಸು ಹತ್ತಿದವರನ್ನು ನಾನಂತೂ ನೋಡಿಲ್ಲ. ಹೊತ್ತು ತಂದರೂ ಸಣ್ಣ ಫ್ರಿಜ್‌ನಲ್ಲಿ ಎಲ್ಲಿ ಇಡುತ್ತೀರಿ? ಹರಿವೆ ಸೊಪ್ಪು ಬುಧವಾರಕ್ಕೇ ಬಾಡುತ್ತದೆ. ಬಾಡಿದ್ದನ್ನು ಎಸೆದರೆ ದುಡ್ಡು ಎಸೆದ ಹಾಗೆ. ಅದಕ್ಕೇ ಜನ ಬಟಾಟೆ, ಈರುಳ್ಳಿ ತರುತ್ತಾರೆ. ಅವು ಕಾಯುತ್ತವೆ.

ದಿನಗೂಲಿಯ ಮನೆಗೆ ಇನ್ನೊಂದು ಕಷ್ಟ. ಅಂದಿನ ಕೂಲಿಯಲ್ಲಿ ಅಂದಿನ ಸಾಮಾನು. ಎಣ್ಣೆ ಸಣ್ಣ ಪ್ಯಾಕೆಟ್, ಬೇಳೆ ಕಾಲು ಕೆಜಿ. ಚಿಲ್ಲರೆಯಾಗಿ ಕೊಂಡರೆ ದರ ಯಾವಾಗಲೂ ಮೇಲೆ. ಸಂತೆಯಲ್ಲಿ ಒಟ್ಟಿಗೆ ಕೊಂಡು ಉಳಿಸುವುದು ಮೊದಲೇ ಸ್ವಲ್ಪ ಉಳಿದಿದ್ದವರಿಗೆ ಮಾತ್ರ ಸಾಧ್ಯ.

ಇದರ ಮೇಲೆ ನಮ್ಮ ಮಳೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ದರ ಏರುತ್ತದೆ. ತರಕಾರಿ ಬಹುಪಾಲು ಬರುವುದು ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ, ಘಟ್ಟ ಇಳಿದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ನೆನಪಿದೆಯಲ್ಲ. ಮರುತಿಂಗಳೇ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇಲ್ಲಿ ರಸ್ತೆಗೆ ಏನಾದರೂ ಆದರೆ ಅಡುಗೆಮನೆಗೂ ತಟ್ಟುತ್ತದೆ. 2025ರಲ್ಲಿ ತೆಂಗಿನಕಾಯಿ, ಕೊಬ್ಬರಿ ಎಣ್ಣೆಯ ದರ ಏರಿದಾಗ ಕಾಯಿ ಇಲ್ಲದೆ ಸಾರು ಮಾಡಲು ಬಾರದ ನಮ್ಮವರ ಪಾಡು ಬೇರೆ.

ತಮಾಷೆ ಏನೆಂದರೆ, ಕೊಂಡು ತರುವುದೆಲ್ಲ ದುಬಾರಿಯಾಗುವ ಅದೇ ಮಳೆಗಾಲದಲ್ಲಿ ಹಿತ್ತಲು ತುಂಬ ಪುಕ್ಕಟೆ ಸೊಪ್ಪು ಇರುತ್ತದೆ. ಕೆಸು, ಒಂದೆಲಗ, ತಗಟೆ, ಬಸಳೆ. ಘಟ್ಟದ ಮೇಲೆ ಕಳಲೆ, ಅಂದರೆ ಎಳೆ ಬಿದಿರು. ಪುಕ್ಕಟೆ ಅಂದೆ, ಆದರೆ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಬೇಕು, ಇಲ್ಲದಿದ್ದರೆ ಅದರಲ್ಲಿರುವ ವಿಷದ ಅಂಶ ಹೋಗುವುದಿಲ್ಲ. ಕೆಸುವಿಗೆ ಹುಳಿ ಸಾಲದೆ ಹೋದರೆ ಗಂಟಲು ಕೆರೆಯುತ್ತದೆ. ಇದೆಲ್ಲ ಗೊತ್ತಿರುವವರು ಮನೆಯಲ್ಲಿ ಇರಬೇಕು. ಮೂರನೇ ಮಹಡಿಯ ಬಾಡಿಗೆ ಮನೆಗೆ ಹಿತ್ತಲೇ ಇಲ್ಲ.

“ನಮ್ಮ ಅಜ್ಜಿ ಎಲ್ಲ ಮಾಡುತ್ತಿರಲಿಲ್ಲವಾ?” ಎಂದು ಗಂಡಸರು ಕೇಳುವುದುಂಟು. ಮಾಡುತ್ತಿದ್ದರು, ಮೂರು ನಾಲ್ಕು ಹೆಂಗಸರು ಸೇರಿ, ಬೆಳಗಿನಿಂದ ರಾತ್ರಿಯವರೆಗೆ. ಈಗ ಒಬ್ಬಳೇ, ಆಫೀಸಿನಿಂದ ಬಂದ ಮೇಲೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ, ಕೈಯೇ ಹಾಕದವರು ಇದರಲ್ಲಿ ಸೇರಿಲ್ಲ. ನಿಮ್ಮ ಪತ್ರದಲ್ಲಿ “ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ” ಎಂದಿದೆ. ಬಂದ ಮೇಲೆ ಇಬ್ಬರೂ ಅಡುಗೆಮನೆಗೆ ಹೋಗುತ್ತೀರಾ ಎಂದು ಬರೆದಿಲ್ಲ.

ಇನ್ನೊಂದು ವಿಷಯ ಜನ ಬಾಯಿಬಿಟ್ಟು ಹೇಳುವುದಿಲ್ಲ. ಹೊಸ ಪಲ್ಯ ಮಾಡಿದಾಗ ಮಗು ತಟ್ಟೆ ದೂಡಿದರೆ? ಇದ್ದವರು ಇನ್ನೇನಾದರೂ ಮಾಡಿಕೊಡುತ್ತಾರೆ. ಇಲ್ಲದವರಿಗೆ ಆ ಪಲ್ಯದ ದುಡ್ಡೂ ಹೋಯಿತು, ಮಗುವಿನ ಹೊಟ್ಟೆಯೂ ಖಾಲಿ. ನೂಡಲ್ಸ್ ಕೊಟ್ಟರೆ ತಿಂದೇ ತಿನ್ನುತ್ತದೆ ಎಂಬ ಖಾತ್ರಿ ಇದೆ. ಆ ಖಾತ್ರಿಗೇ ತಾಯಂದಿರು ದುಡ್ಡು ಕೊಡುವುದು. ನೀವೊಬ್ಬರೇ ಹೀಗೆ ಎಂದುಕೊಳ್ಳಬೇಡಿ. 2022-23ರ ರಾಷ್ಟ್ರೀಯ ಬಳಕೆ ವೆಚ್ಚ ಸಮೀಕ್ಷೆಯಲ್ಲಿ, ಊಟದ ಬಾಬ್ತಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಪಾನೀಯ ಮತ್ತು ಸಿದ್ಧ ಆಹಾರಕ್ಕೆ ಹೋಗಿದೆ. ಹಳ್ಳಿಗಳಲ್ಲಿ ಒಟ್ಟು ಖರ್ಚಿನ ನೂರಕ್ಕೆ 9.6ರಷ್ಟು ಅದಕ್ಕೆ, ಧಾನ್ಯಕ್ಕೆ 4.9. ಪೇಟೆಗಳಲ್ಲಿ ಸಿದ್ಧ ಆಹಾರದ ಪಾಲು 10.6. ಹಳ್ಳಿಯಲ್ಲೂ ಪುರುಸೊತ್ತು ತುಟ್ಟಿಯಾಗಿದೆ ಅಂತ ಅರ್ಥ ಅಲ್ವಾ?

ಹಾಗಾದರೆ ಏನು ಮಾಡುವುದು? ಅಗ್ಗವೂ ಆಗಬೇಕು, ಬೇಗವೂ ಆಗಬೇಕು ಎನ್ನುವ ಅಡುಗೆ ನಮ್ಮಲ್ಲಿ ಕಡಿಮೆ, ಆದರೆ ಇವೆ. ನನ್ನ ಮಟ್ಟಿಗೆ ತಂಬುಳಿ ಎಲ್ಲಕ್ಕಿಂತ ಮೇಲೆ. ಒಂದು ಹಿಡಿ ಒಂದೆಲಗ, ಸ್ವಲ್ಪ ಕಾಯಿತುರಿ, ಜೀರಿಗೆ, ಎರಡು ಕಾಳುಮೆಣಸು ನುಣ್ಣಗೆ ಬೀಸಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಹತ್ತು ನಿಮಿಷ. ಒಲೆ ಬೇಕಿದ್ದರೆ ಒಗ್ಗರಣೆಗೆ ಮಾತ್ರ. ಒಂದೆಲಗ ಬಾಲ್ಕನಿಯ ಕುಂಡದಲ್ಲೂ ಬೆಳೆಯುತ್ತದೆ, ನೀರು ತಪ್ಪಿಸಬಾರದು ಅಷ್ಟೇ. ಬೆಳಗಿನ ತಿಂಡಿಗೆ ಶಿರಸಿ ಕಡೆಯ ತೆಳ್ಳೇವು. ಅಕ್ಕಿ ರಾತ್ರಿ ನೆನೆಹಾಕಿ ಬೆಳಿಗ್ಗೆ ನೀರಾಗಿ ಬೀಸಿದರೆ ಆಯಿತು, ಹಿಟ್ಟು ಹುಳಿ ಬರುವವರೆಗೆ ಕಾಯುವ ಗೋಜಿಲ್ಲ. ಸೌತೆಕಾಯಿ ತುರಿದು ಹಾಕಿದರೆ ತರಕಾರಿಯೂ ಸೇರಿತು.

ಕುಚ್ಚಲಕ್ಕಿ ಬಿಡಬೇಕಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನೆನೆಹಾಕಿ, ಸಂಜೆ ಕುಕ್ಕರ್‌ನಲ್ಲಿ ಬೇಯಿಸಿ. ಗ್ಯಾಸ್ ಆರಿಸಿದ ಮೇಲೂ ಸಿಟಿ ತೆಗೆಯದೆ ಹಾಗೇ ಬಿಡಿ, ಒಳಗಿನ ಬಿಸಿಗೇ ಉಳಿದದ್ದು ಬೇಯುತ್ತದೆ. ಕಾಯಿ ಮಸಾಲೆಯನ್ನು ಎರಡು ಮೂರು ದಿನಕ್ಕೆ ಒಟ್ಟಿಗೆ ಕಡೆದು ಫ್ರೀಜರ್‌ನಲ್ಲಿ ಇಡಿ. ರುಚಿ ಒಂದು ಕೂದಲು ಕಡಿಮೆ ಆಗಬಹುದು. ನಮ್ಮ ಆಯಿ ಒಪ್ಪುವುದಿಲ್ಲ. ನೀವು ಅವಳಿಗೆ ಹೇಳಬೇಡಿ.

ಹಿಂದಿನವರಿಗೂ ಈ ಲೆಕ್ಕ ಗೊತ್ತಿತ್ತು. ಬೇಸಿಗೆಯಲ್ಲಿ ಬಿಡುವಿರುವಾಗ ಹಲಸಿನ ಹಪ್ಪಳ ಒಣಗಿಸಿ, ಅಪ್ಪೆಮಿಡಿ ಉಪ್ಪಿಗೆ ಹಾಕಿ, ಹಲಸಿನ ತೊಳೆ ಉಪ್ಪುನೀರಿನಲ್ಲಿಟ್ಟು, ಮೀನು ಒಣಗಿಸಿ ಇಡುತ್ತಿದ್ದರು. ಬೇಸಿಗೆಯ ಪುರುಸೊತ್ತನ್ನು ಮಳೆಗಾಲಕ್ಕೆ ಕೂಡಿಡುವ ಉಪಾಯ ಅದು. ಒಣ ಶೆಟ್ಲಿಯ (ಸಿಗಡಿಯ) ಚಟ್ನಿ ಐದು ನಿಮಿಷದ ಕೆಲಸ. ಆದರೆ ಇವುಗಳಲ್ಲಿ ಉಪ್ಪು ಬಹಳ. ದಿನಕ್ಕೆ ಐದು ಗ್ರಾಂ ಉಪ್ಪು ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ ಇದ್ದವರು ಒಣಮೀನನ್ನು ಚೆನ್ನಾಗಿ ತೊಳೆದು, ಅಪರೂಪಕ್ಕೆ ತಿನ್ನಲಿ.

ಕೊನೆಗೆ, ನಿಮ್ಮ ಪತ್ರದ ಕೆಳಗೆ ಸಣ್ಣದಾಗಿ ಬರೆದ ಇನ್ನೊಂದು ಪ್ರಶ್ನೆ: “ಮೀನು ಪೇಟೆಯಲ್ಲೇ ಕೊಯ್ಯಿಸಿಕೊಂಡು ಬಂದರೆ, ಬಿಡಿಸಿದ ಬೆಳಚು ತಂದರೆ ದುಂದು ಅಲ್ಲವಾ?” ಖಂಡಿತ ಅಲ್ಲ. ಪಾರ್ಸೆಲ್‌ಗೆ ಕೊಡುವುದರಲ್ಲಿ ಸ್ವಲ್ಪವೇ ಸ್ವಲ್ಪ ಪೇಟೆಯಲ್ಲಿ ಮೀನು ಕೊಯ್ದುಕೊಡುವ ಹೆಂಗಸಿಗೆ ಕೊಟ್ಟರೆ ನಿಮ್ಮ ಐವತ್ತು ನಿಮಿಷ ಉಳಿಯುತ್ತದೆ, ಅವಳಿಗೂ ನಾಲ್ಕು ಕಾಸು ಸಿಗುತ್ತದೆ. ಮುಂದಿನ ಭಾನುವಾರ ಸಂತೆಗೆ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಹನ್ನೊಂದು ಕೆಜಿಯ ಚೀಲ ಇದೆಯಲ್ಲ, ಒಂದು ಹಿಡಿಕೆ ಅವರೂ ಹಿಡಿಯಲಿ.