ಏಸಿ ಇಲ್ಲದ ವಸ್ತುಸಂಗ್ರಹಾಲಯದಲ್ಲಿ ವಸ್ತುಗಳು ಉಳಿಯುತ್ತವೆಯೇ?

ಪ್ರಶ್ನೆ: ಅಂಗಳ, ಮರ, ಗಾಳಿಯಾಡುವ ಗೋಡೆ ಎಂದು ಹೊಗಳುತ್ತೀರಿ. ಆದರೆ ಹವಾನಿಯಂತ್ರಣವಿಲ್ಲದ ಕಟ್ಟಡದಲ್ಲಿ ಹಳೆಯ ಚಿತ್ರಗಳು, ಓಲೆಗರಿಗಳು, ಮರದ ವಿಗ್ರಹಗಳು ಹಾಳಾಗುವುದಿಲ್ಲವೇ?

ಉತ್ತರ: ಅಹಮದಾಬಾದಿನ ಸಬರಮತಿ ಆಶ್ರಮದಲ್ಲಿರುವ ಗಾಂಧಿ ಸ್ಮಾರಕ ಸಂಗ್ರಹಾಲಯದ ಪ್ರಸ್ತಾಪ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಹಿಂಬಾಲಿಸುತ್ತದೆ, ಮತ್ತೆ ಮತ್ತೆ ತುಂಡು ತುಂಡಾಗಿ ಹೇಳುವ ಬದಲು ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ, 1963ರಲ್ಲಿ ನೆಹರೂ ಉದ್ಘಾಟಿಸಿದ ಆ ಕಟ್ಟಡದಲ್ಲಿ ಗಾಜಿನ ಕಿಟಕಿಯೇ ಇಲ್ಲ. 6 ಮೀಟರ್ ಉದ್ದ, 6 ಮೀಟರ್ ಅಗಲದ ಘಟಕಗಳು, ಇಟ್ಟಿಗೆಯ ಕಂಬಗಳು, ಕಲ್ಲಿನ ನೆಲ, ಹೆಂಚಿನ ಮಾಡು, ಬೇಕಾದಂತೆ ತೆರೆದು ಮುಚ್ಚಬಹುದಾದ ಮರದ ಪಟ್ಟಿಗಳು, ನಡುವೆ ನೀರಿನ ಅಂಗಳ: ಇಷ್ಟೇ ಅದರ ಬಂಡವಾಳ. ಮಾಡುಗಳ ನಡುವಿನ ಕಾಂಕ್ರೀಟ್ ದೋಣಿಗಳು ತೊಲೆಗಳಾಗಿಯೂ ಮಳೆನೀರಿನ ಕಾಲುವೆಗಳಾಗಿಯೂ ದುಡಿಯುತ್ತವೆ. ಕೆಲವು ಘಟಕಗಳಿಗೆ ಗೋಡೆಯಿದೆ, ಹಲವಕ್ಕೆ ಇಲ್ಲ. ಈ ವ್ಯತ್ಯಾಸವನ್ನು ಗಮನದಲ್ಲಿಡಿ, ಉತ್ತರದ ಅರ್ಧ ಭಾಗ ಅಲ್ಲಿಯೇ ಇದೆ.

ಇನ್ನು ಮಿಥ್ಯೆಯ ವಿಚಾರ. ವಸ್ತುಸಂಗ್ರಹಾಲಯವೆಂದರೆ ವರ್ಷದ ಎಲ್ಲ ದಿನವೂ 20 ಡಿಗ್ರಿಯ ಆಸುಪಾಸಿನ ಉಷ್ಣತೆ ಮತ್ತು ಶೇ 50ರ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ) ಕದಲದೆ ಇರಬೇಕಾದ ಜಾಗ ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಅದು ಪ್ರಕೃತಿನಿಯಮವೇನೋ ಎಂಬಂತೆ ವಿದ್ಯಾವಂತರೂ ಮಾತನಾಡುತ್ತಾರೆ. ಇದರ ಮೂಲ ತಮಾಷೆಯಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಚಿತ್ರಗಳನ್ನು 1941ರಲ್ಲಿ ವೇಲ್ಸ್‌ನ ಮ್ಯಾನಡ್ ಸ್ಲೇಟ್ ಗಣಿಯೊಳಕ್ಕೆ ಸಾಗಿಸಿತು. ಗಣಿಯ ತಣ್ಣನೆಯ ಗಾಳಿಯನ್ನು ತುಸು ಬೆಚ್ಚಗೆ ಮಾಡಿ ಒಂದೇ ಹದದಲ್ಲಿ ಇರಿಸಿದಾಗ, ಲಂಡನ್ನಿನಲ್ಲಿ ಸದಾ ಸಿಪ್ಪೆ ಏಳುತ್ತಿದ್ದ ಬಣ್ಣದ ಪದರಗಳು ಸುಮ್ಮನಾದವು. ಚಿತ್ರಗಳು ಮನೆಗೆ ಮರಳಿದ ಮೇಲೆ ಕಾಟ ಮತ್ತೆ ಶುರುವಾಯಿತು. ಸ್ಥಿರತೆ ಒಳ್ಳೆಯದೆಂಬ ಪಾಠ ಸರಿಯಾಗಿಯೇ ಇತ್ತು. ಆದರೆ ಅದನ್ನು ಯಂತ್ರಕ್ಕೆ ಒಪ್ಪಿಸಿದಾಗ ಹುಟ್ಟಿದ, ಆರ್ದ್ರತೆ 'ಐದು ಅಂಶ ಅತ್ತ, ಐದು ಅಂಶ ಇತ್ತ' ಎಂಬ ಬಿಗಿ ಮಿತಿ, ವಸ್ತುಗಳ ಸಹನಶಕ್ತಿಯನ್ನು ಅಳೆದು ಹೇಳಿದ್ದಕ್ಕಿಂತ ಹೆಚ್ಚಾಗಿ ಆ ಕಾಲದ ಯಂತ್ರಗಳಿಂದ ಏನು ಸಾಧ್ಯವೋ ಅದನ್ನು ನೋಡಿ ಬರೆದದ್ದು. ಲಂಡನ್ನಿನಲ್ಲಿ ಬರೆದ ಅಂಕಿ ಮಂಗಳೂರಿಗೂ ಜೋಧಪುರಕ್ಕೂ ವೇದವಾಕ್ಯವಾಯಿತು.

ಅರೆಮನಸ್ಸಿನ ಏಸಿ ಏನು ಮಾಡುತ್ತದೆಂಬುದನ್ನು ಯಾರೂ ಕೇಳುವುದಿಲ್ಲ. 30 ಡಿಗ್ರಿಯಲ್ಲಿ ಶೇ 60ರಷ್ಟು ಆರ್ದ್ರತೆಯಿರುವ ಗಾಳಿಯನ್ನು, ನೀರಾವಿ ತೆಗೆಯದೆ, 22 ಡಿಗ್ರಿಗೆ ತಂದರೆ ಆರ್ದ್ರತೆ ಶೇ 96ರ ಸುಮಾರಿಗೆ ಏರುತ್ತದೆ. ಏಸಿ ಓಡುತ್ತಿರುವಷ್ಟು ಹೊತ್ತು ಒಂದಿಷ್ಟು ನೀರನ್ನು ಹಿಂಡಿ ಹೊರಹಾಕುತ್ತದೆ, ನಿಜ. ಆದರೆ ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದಕ್ಕೆ ಆರಿಸಿದರೆ, ಮಳೆಗಾಲದ ಒದ್ದೆ ಗಾಳಿ ಒಳನುಗ್ಗಿ ತಣ್ಣಗಿನ ಗೋಡೆಗೆ ತಾಗುತ್ತದೆ, ಬೂಸ್ಟಿಗೆ ಹಬ್ಬವಾಗುತ್ತದೆ. ಮರದ ವಿಗ್ರಹ ದಿನಕ್ಕೊಮ್ಮೆ ಉಬ್ಬಿ ಕುಗ್ಗುವ ಶಿಕ್ಷೆ ಅನುಭವಿಸುತ್ತದೆ. ಋತುಮಾನದೊಂದಿಗೆ ನಿಧಾನವಾಗಿ ಏರಿಳಿಯುವ ದಪ್ಪ ಗೋಡೆಯ ಕೋಣೆ ಇದಕ್ಕಿಂತ ಸಾವಿರ ಪಾಲು ವಾಸಿ. ನೂರಾರು ಮಳೆಗಾಲ ಕಂಡ ಮರವು ಬಿರಿಯಬೇಕಾದಷ್ಟು ಬಹುತೇಕ ಆಗಲೇ ಬಿರಿದಿರುತ್ತದೆ, ಆ ಹಳೆಯ ಏರಿಳಿತವನ್ನು ಮೀರದಿದ್ದರೆ ಹೊಸ ಬಿರುಕು ಬೀಳುವುದು ಅಪರೂಪ. ದೊಡ್ಡ ವಸ್ತುಸಂಗ್ರಹಾಲಯಗಳ ಮುಖ್ಯಸ್ಥರ ಬಿಜೋ ಗುಂಪೂ ಈಗ ಬಹುಪಾಲು ವಸ್ತುಗಳಿಗೆ 16ರಿಂದ 25 ಡಿಗ್ರಿ, ಶೇ 40ರಿಂದ 60 ಆರ್ದ್ರತೆ ಎಂದು ಮಿತಿಯನ್ನು ಸಡಿಲಿಸಿದೆ. ನಮ್ಮ ಕರಾವಳಿಗೆ ಅದೂ ಬಿಗಿಯೇ, ಆದರೂ ದಿಕ್ಕು ಸರಿಯಾಗಿದೆ.

ಹಾಗೆಂದು ಎಲ್ಲವನ್ನೂ ಬಯಲಿನಲ್ಲಿ ಇಡಿ ಎಂದು ನಾನು ಹೇಳಿದೆನೆಂದು ದಯವಿಟ್ಟು ಪ್ರಚಾರ ಮಾಡಬೇಡಿ. ಬಣ್ಣದ ಫಿಲ್ಮಿಗೆ ತಂಪು ಬೇಕು. ಉಪ್ಪು ಹಿಡಿದ ಉತ್ಖನನದ ಕಬ್ಬಿಣಕ್ಕೆ ಒಣಹವೆ ಬೇಕು. ಕಾಗದಕ್ಕೆ ಬೆಳಕೇ ಶತ್ರು. ಅವುಗಳಿಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಭದ್ರ ಪೆಟ್ಟಿಗೆಯೋ ತಂಪಾಗಿಟ್ಟ ಚಿಕ್ಕ ಮುಚ್ಚಿದ ಕೋಣೆಯೋ ಸಾಕು. ಕಾಗದಪತ್ರಕ್ಕೆ ಬೇಕಾದ ಹವೆಯನ್ನು ನಡೆದಾಡುವ ಪಡಸಾಲೆಗೂ ಒದಗಿಸುವುದು, ಒಂದು ಮಡಕೆ ಮೊಸರಿಗಾಗಿ ಇಡೀ ಮನೆಯನ್ನೇ ಫ್ರಿಜ್ ಮಾಡಿದಂತೆ. ಗೋಡೆಯಿರುವ ಘಟಕ ಮತ್ತು ಇಲ್ಲದ ಘಟಕ ಎಂಬ ಕೊರಿಯಾ ಅವರ ವಿಂಗಡಣೆಯಲ್ಲಿ ಈ ಲೆಕ್ಕಾಚಾರ ಅಡಗಿದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ: ವಸ್ತುಸಂಗ್ರಹಾಲಯದಲ್ಲಿ ಒಂದು ಗಂಟೆ ಸುತ್ತಿದರೆ ಸಂತೆಯಲ್ಲಿ ಮೂರು ಗಂಟೆ ಅಲೆದುದಕ್ಕಿಂತ ಹೆಚ್ಚು ದಣಿವಾಗುವುದೇಕೆ? ಬಾಸ್ಟನ್ ಕಲಾ ಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿಯೇ ಈ ದಣಿವಿನ ಬಗ್ಗೆ ಬರೆದು, ಪೆಟ್ಟಿಗೆಗಳೊಳಗನ್ನು ನೋಡಲು ಬಗ್ಗಿ, ಕುಕ್ಕರಿಸಿ ಒದ್ದಾಡುವ ವೀಕ್ಷಕನ ಛಾಯಾಚಿತ್ರಗಳನ್ನೇ ಸಾಕ್ಷಿಯಾಗಿ ಕೊಟ್ಟಿದ್ದರು. ಪೆಟ್ಟಿಗೆಯ ಎತ್ತರವನ್ನು ಸರಿಪಡಿಸಿದರೂ, ಕಿಟಕಿಯಿಲ್ಲದ ಕೋಣೆಯಿಂದ ಕಿಟಕಿಯಿಲ್ಲದ ಕೋಣೆಗೆ ದಾಟುತ್ತಿರುವ ಕಣ್ಣಿಗೆ ಬಿಡುವೆಲ್ಲಿ? ಸಬರಮತಿಯಲ್ಲಿ ಒಂದು ಗುಂಪು ಚಿತ್ರಗಳನ್ನು ನೋಡಿ ಮುಗಿಸಿದವರು ನಾಲ್ಕು ಹೆಜ್ಜೆಗೆ ಅಂಗಳ ಸೇರುತ್ತಾರೆ, ನೀರನ್ನೋ ಮರವನ್ನೋ ಗುರಿಯಿಲ್ಲದೆ ನೋಡುತ್ತಾರೆ, ಆಮೇಲೆ ಮುಂದಿನ ಘಟಕಕ್ಕೆ ಹೋಗಿ ಮೊದಲಿನಷ್ಟೇ ಶ್ರದ್ಧೆಯಿಂದ ಓದುತ್ತಾರೆ. ಹೊಸ ಕಟ್ಟಡಗಳ ನಕ್ಷೆಯಲ್ಲಿ ಖರ್ಚು ಉಳಿಸಬೇಕೆಂದಾಗ ಮೊದಲು ಕತ್ತರಿ ಬೀಳುವುದು ಈ ಅಂಗಳಕ್ಕೇ. ಏಸಿಯ ಟನ್ನುಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.